ಭಾವಚಿತ್ರಕ್ಕೊಂದು ಮಸೂರ



ಕಣ್ಣಿನ ವಿಷಯವನ್ನು ಕಿವಿಗೆ ಒಪ್ಪಿಸುವ ಕೆಲಸ ಇಂದು ನನ್ನ ಪಾಲಿಗೆ ಬಂದಿದೆ. ನಾಲ್ಕು ಚಿತ್ರಗಳನ್ನು ಮುಂದಿಟ್ಟುಕೊಂಡು ಮಾತನಾಡಬಹುದಾಗಿದ್ದರೆ ಅರ್ಧ ಗಳಿಗೆಯಲ್ಲಿ ಮುಗಿಯುತ್ತಿದ್ದ ಮಾತು, ಆಕಾಶವಾಣಿಯಲ್ಲಿ ತುಸು ಸುತ್ತುದಾರಿ ಹಿಡಿಯಬೇಕಾಗುತ್ತದೆ. ತಾವು ಕ್ಷಮಿಸಿ ಜೊತೆಗೆ ಬರುವಿರೆಂದು ನಂಬಿದ್ದೇನೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿದ್ದವನಿಗೆ ಕ್ಯಾಮೆರಾದ ಮಸೂರದ ಗೊಡವೆ ಏಕೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟೆ: ನನಗೆ ವಿದ್ಯೆ ಕೊಟ್ಟ ಗುರುಗಳೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಗೆ ಇಡಲು ಅವರದೊಂದು ಸರಿಯಾದ ಭಾವಚಿತ್ರ ಸಿಕ್ಕಲಿಲ್ಲ. ಮನೆಯವರು ಹುಡುಕಿ ಹುಡುಕಿ, ಕಾಲೇಜಿನ ವಾರ್ಷಿಕೋತ್ಸವದ ಗುಂಪುಚಿತ್ರವೊಂದನ್ನು ತೆಗೆದು, ಎರಡನೆಯ ಸಾಲಿನ ಅಂಚಿನಲ್ಲಿ ನಿಂತಿದ್ದ ಅವರ ತಲೆಯನ್ನಷ್ಟೆ ಕತ್ತರಿಸಿ, ಅದನ್ನು ಹಿಗ್ಗಿಸಿ, ಹಾರ ಹಾಕಿದರು. ನಲವತ್ತು ವರ್ಷ ಸಾವಿರಾರು ವಿದ್ಯಾರ್ಥಿಗಳು ಎದುರಿಗೆ ಕುಳಿತು ನೋಡಿದ ಮುಖ, ಮಂಜಿನೊಳಗಿನ ಮರದಂತೆ ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದವರ ತೋಳೊಂದು ಹಾರದ ಕೆಳಗೆ ಉಳಿದುಕೊಂಡಿತ್ತು.

ನಮ್ಮ ನಾಡಿನ ಬಹುಪಾಲು ಹಿರಿಯರ ಗತಿ ಹೀಗೆಯೆ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಕ್ಯಾಮೆರಾ ಇದೆ, ದಿನಕ್ಕೆ ನೂರು ಚಿತ್ರ ಹಿಡಿಯುತ್ತಾರೆ. ಆದರೂ ಅಜ್ಜ ತೀರಿಕೊಂಡ ದಿನ ಹುಡುಕುವುದು ಗುರುತಿನ ಚೀಟಿಯ ಚಿತ್ರವನ್ನೆ. ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸ ಇದರಿಂದ ಹುಟ್ಟಿತು. ಸುತ್ತಮುತ್ತಲಿನ ಊರುಗಳಲ್ಲಿರುವ ಗಮಕಿಗಳು, ಸೋಬಾನೆ ಹಾಡುವ ಹೆಣ್ಣುಮಕ್ಕಳು, ಹಳೆಯ ಕಾಲದ ಶಾಲಾ ಉಪಾಧ್ಯಾಯರು, ಮದ್ದಳೆಗಾರರು, ಇವರೆಲ್ಲರ ಒಂದೊಂದು ಭಾವಚಿತ್ರವನ್ನು, ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವಂತೆ, ತೆಗೆದಿಡಬೇಕೆಂಬ ಆಸೆ. ನಿವೃತ್ತಿಯಲ್ಲಿ ಬಂದ ಹಣದ ಒಂದು ಪಾಲಿನಿಂದ ಒಳ್ಳೆಯ ಕ್ಯಾಮೆರಾ ಕೊಂಡೆ. ನಿಕಾನ್ ಕಂಪೆನಿಯ ಡಿ850 ಎಂಬುದು ಅದರ ಹೆಸರು, 2017ರಲ್ಲಿ ಹೊರಬಂದದ್ದು. ಅದರ ಒಂದು ಚಿತ್ರದಲ್ಲಿ ಉದ್ದಕ್ಕೆ 8256, ಅಗಲಕ್ಕೆ 5504 ಚುಕ್ಕೆಗಳು, ಎಂದರೆ ಒಟ್ಟು ನಾಲ್ಕೂವರೆ ಕೋಟಿಗೂ ಮಿಕ್ಕಿದ ಚುಕ್ಕೆಗಳು. ಕ್ಯಾಮೆರಾ ಆಯಿತು; ಅದಕ್ಕೆ ಕಣ್ಣು ಯಾವುದು? ಈ ಪ್ರಶ್ನೆ ನನ್ನನ್ನು ಒಂದು ವರ್ಷ ಕಾಲ ಕಾಡಿತೆಂದರೆ ಅತಿಶಯೋಕ್ತಿಯಲ್ಲ.

ಮೊದಲು ಎರಡು ಶಬ್ದಗಳ ವಿಚಾರ ಹೇಳಿಬಿಡುತ್ತೇನೆ. ಶಬ್ದಗಳ ದಾರಿ ಹಿಡಿಯದೆ ನನಗೆ ಯಾವ ವಿಷಯವೂ ಬಗೆಹರಿಯುವುದಿಲ್ಲ. ಇಂಗ್ಲಿಷಿನವರು ಲೆನ್ಸ್ ಎನ್ನುವುದು ಲ್ಯಾಟಿನ್ ಭಾಷೆಯಲ್ಲಿ ಒಂದು ಬೇಳೆಕಾಳಿನ ಹೆಸರು. ಎರಡೂ ಕಡೆ ಉಬ್ಬಿದ ಗಾಜಿನ ಬಿಲ್ಲೆ ಆ ಕಾಳಿನ ಹಾಗೆ ಕಂಡದ್ದರಿಂದ ಆ ಹೆಸರು ಬಂತು. ನಮ್ಮ ಶಾಸ್ತ್ರಗ್ರಂಥಗಳ ಮಸೂರವೂ ಅದೇ ಕಾಳೆ: ಮಸೂರ ಎಂದರೆ ಸಂಸ್ಕೃತದಲ್ಲಿ ನಮ್ಮ ಅಡುಗೆಮನೆಯ ಚನ್ನಂಗಿ ಬೇಳೆ. ಪಾರಿಭಾಷಿಕ ಪದಗಳನ್ನು ಟಂಕಿಸಿದ ವಿದ್ವಾಂಸರು ಕಲ್ಲು ಕಡೆದಂಥ ಸಮಾಸಗಳನ್ನು ನಮ್ಮ ಮೇಲೆ ಹೇರಿದ್ದಾರೆಂದು ದೂರುವವರು ಈ ಒಂದು ಪದಕ್ಕಾಗಿಯಾದರೂ ಅವರನ್ನು ಮನ್ನಿಸಬೇಕು. ಎರಡನೆಯದು ಭಾವಚಿತ್ರ. ಫೋಟೊಗ್ರಫಿಗೆ ನಾವು ಛಾಯಾಚಿತ್ರ ಎಂದೆವು, ನೆರಳಿನ ಚಿತ್ರ. ಆದರೆ ಒಬ್ಬ ಮನುಷ್ಯನ ಮುಖವನ್ನು ಹಿಡಿದಾಗ ಅದನ್ನು ಮುಖಚಿತ್ರ ಎನ್ನಲಿಲ್ಲ, ಭಾವಚಿತ್ರ ಎಂದೆವು. ಮುಖದಿಂದ ಮೊದಲಾಗಿ ಒಳಗಿನದೊಂದಕ್ಕೆ ಹೋಗಿ ಮುಟ್ಟಬೇಕೆಂಬ ಷರತ್ತು ಆ ಪದದಲ್ಲಿಯೇ ಇದೆ. ಮಸೂರವನ್ನು ಆರಿಸುವವನು ಈ ಷರತ್ತಿಗೆ ಬದ್ಧನಾಗಬೇಕು.

ಈಗ ವಿಷಯಕ್ಕೆ ಬರೋಣ. ಅಂಗಡಿಗಳಲ್ಲಿ ಎರಡು ಜಾತಿಯ ಮಸೂರಗಳು ಸಿಕ್ಕುತ್ತವೆ. ಒಂದು, ಕೊಳವೆಯನ್ನು ತಿರುಗಿಸಿ ದೂರದ್ದನ್ನು ಹತ್ತಿರ, ಹತ್ತಿರದ್ದನ್ನು ದೂರ ಮಾಡಿಕೊಳ್ಳಬಹುದಾದ ಜೂಮ್. ಇನ್ನೊಂದು, ಒಂದೇ ಸಂಗಮದೂರಕ್ಕೆ ಕಟ್ಟುಬಿದ್ದ ಪ್ರೈಮ್. ಜೂಮ್ ಎಂಬುದು ಹಾರ್ಮೋನಿಯಂ. ಎಲ್ಲ ಶ್ರುತಿಗೂ ಒದಗುತ್ತದೆ. ಪ್ರೈಮ್ ಎಂಬುದು ಏಕತಾರಿ. ಮದುವೆಯಲ್ಲಿ ಚಿತ್ರ ತೆಗೆಯುವವನಿಗೆ ಹಾರ್ಮೋನಿಯಂ ಬೇಕು, ಅದನ್ನು ನಾನು ಹಳಿಯುವುದಿಲ್ಲ. ಆದರೆ ಬೆಳಕು ಕಡಿಮೆಯಿರುವ ಮನೆಯೊಳಗೆ, ಬೆದರಿದ ಹಿರಿಯರೊಬ್ಬರ ಮುಂದೆ, ಒಂದೂವರೆ ಕಿಲೋ ತೂಗುವ ಫಿರಂಗಿಯಂಥ ಜೂಮ್ ಹಿಡಿದು ನಿಲ್ಲುವುದು ಸಭ್ಯತೆಯಲ್ಲವೆಂದು ನನಗೆ ಅನ್ನಿಸಿತು. ಏಕತಾರಿಯೇ ಸರಿ ಎಂದು ತೀರ್ಮಾನಿಸಿದೆ. ಹಾಗಾದರೆ ಎಷ್ಟು ಮಿಲಿಮೀಟರಿನದು? 50? 85? 105? 135?

ಇಲ್ಲಿ ಬಹಳ ಜನ ತಿಳಿದುಕೊಂಡಿರುವ ಒಂದು ಮಾತನ್ನು ತಿದ್ದಬೇಕು. ಅಗಲನೋಟದ ಮಸೂರ ಮೂಗನ್ನು ದೊಡ್ಡದು ಮಾಡುತ್ತದೆ, ಉದ್ದ ಮಸೂರ ಮುಖವನ್ನು ಚಪ್ಪಟೆ ಮಾಡುತ್ತದೆ ಎನ್ನುತ್ತಾರೆ. ಮಸೂರ ಪಾಪ ಏನನ್ನೂ ಮಾಡುವುದಿಲ್ಲ. ಮಾಡುವುದೆಲ್ಲ ದೂರ. ನಮ್ಮ ಮೂಗಿನ ತುದಿಗೂ ಕಿವಿಗೂ ನಡುವೆ ಹೆಚ್ಚುಕಡಿಮೆ 12 ಸೆಂಟಿಮೀಟರು ಅಂತರವಿದೆಯೆಂದು ಇಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 40 ಸೆಂಟಿಮೀಟರು ದೂರದಲ್ಲಿದ್ದರೆ ಕಿವಿಯಿಂದ 52 ಸೆಂಟಿಮೀಟರು ದೂರವಾಯಿತು. ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವ ನ್ಯಾಯದಿಂದ, ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ಮೂವತ್ತರಷ್ಟು ಹಿಗ್ಗಿತು. ತೋಳು ಚಾಚಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಯುವಕರೆಲ್ಲ ಮೂಗುದೊಡ್ಡವರಾಗಿ, ಕಿವಿ ಹಿಂದಕ್ಕೆ ಓಡಿಹೋದವರಾಗಿ ಕಾಣುವುದು ಇದರಿಂದ. ಅದೇ ಕ್ಯಾಮೆರಾವನ್ನು ಒಂದೂವರೆ ಮೀಟರು ದೂರಕ್ಕೆ ಒಯ್ದರೆ ಆ ಹಿಗ್ಗು ನೂರಕ್ಕೆ ಎಂಟಕ್ಕೆ ಇಳಿಯುತ್ತದೆ. ನಾವು ಒಬ್ಬರ ಎದುರಿಗೆ ಕುಳಿತು ಮಾತನಾಡುವಾಗ ಅವರ ಮುಖ ಹೀಗೆಯೆ ಕಾಣುತ್ತದೆ. ನಮ್ಮ ನೆನಪಿನಲ್ಲಿ ಉಳಿಯುವ ಮುಖವೂ ಇದೇ. ಇನ್ನೂ ಹಿಂದೆ ಸರಿದು ಎರಡೂಕಾಲು ಎರಡೂವರೆ ಮೀಟರಿಗೆ ಹೋದರೆ ನೂರಕ್ಕೆ ಐದು. ಎಂಟರಿಂದ ಐದಕ್ಕೆ ಇಳಿದದ್ದು ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಹಾಗಾದರೆ ಸಂಗಮದೂರದ ಕೆಲಸವೇನು? ನಾವು ನಿಂತ ಜಾಗದಿಂದ ಎಷ್ಟು ಅಗಲವನ್ನು ಚೌಕಟ್ಟಿನೊಳಕ್ಕೆ ತರಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ನನ್ನ ಕ್ಯಾಮೆರಾದ ಒಳಗಿನ ಫಲಕ ಹಳೆಯ ಫಿಲ್ಮಿನಷ್ಟೆ, 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲ. ತಲೆಯಿಂದ ಎದೆಯವರೆಗೆ, ಸುಮಾರು ಎರಡು ಅಡಿ ಎತ್ತರ, ನಿಲುವು ಚೌಕಟ್ಟಿನಲ್ಲಿ ತುಂಬಬೇಕಾದರೆ ಯಾವ ಮಸೂರಕ್ಕೆ ಎಷ್ಟು ದೂರ ಬೇಕೆಂದು ನಾನು ಲೆಕ್ಕ ಹಾಕಿದೆ. ನಮ್ಮ ಹಿರಿಯರ ಅಳತೆಯಲ್ಲಿ ಹೇಳುತ್ತೇನೆ. ಅದು ನೆನಪಿನಲ್ಲಿ ನಿಲ್ಲುತ್ತದೆ. 50 ಮಿಲಿಮೀಟರಿನದಕ್ಕೆ ಎರಡು ಮೊಳ. 85ಕ್ಕೆ ಮೂರು ಮೊಳಕ್ಕಿಂತ ಒಂದು ಹಿಡಿ ಹೆಚ್ಚು, ಐದು ಅಡಿ ಎನ್ನಿ. 105ಕ್ಕೆ ಸರಿಯಾಗಿ ಒಂದು ಮಾರು. 135ಕ್ಕೆ ಐದು ಮೊಳ ದಾಟುತ್ತದೆ, ಎಂಟು ಅಡಿಯ ಹತ್ತಿರ.

ಈ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡಾಗ ನನಗೆ ಹೊಳೆದದ್ದು, ಮಸೂರದ ಆಯ್ಕೆ ಎಂದರೆ ವಾಸ್ತವವಾಗಿ ಎರಡು ಜೀವಗಳ ನಡುವಿನ ದೂರದ ಆಯ್ಕೆ ಎಂಬುದು. ಎರಡು ಮೊಳ ಎಂದರೆ ಮನೆಯವರು ಮಾತ್ರ ಬರಬಹುದಾದ ಸನಿಹ. ಹಳ್ಳಿಯ ಹಿರಿಯ ಹೆಂಗಸೊಬ್ಬರ ಮುಂದೆ ಪರಊರಿನ ಗಂಡಸು ಅಷ್ಟು ಹತ್ತಿರ ಮುಖವೊಡ್ಡಿ ನಿಂತರೆ ಅವರು ಸೆರಗನ್ನು ಎಳೆದುಕೊಳ್ಳುತ್ತಾರೆ. ಮುಖದ ಮೇಲಿನ ಭಾವ ಅಲ್ಲಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಎಂಟು ಅಡಿ ಎಂದರೆ ಸಭೆಯ ದೂರ. ನಾನು ಚಿತ್ರ ತೆಗೆಯುವ ಹಿರಿಯರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಿವಿ ಮಂದ. ಅಷ್ಟು ದೂರದಿಂದ ಕೂಗಿ ಮಾತನಾಡಿಸಬೇಕು, ಅವರೂ ಕೂಗಿ ಉತ್ತರ ಕೊಡಬೇಕು. ಕೂಗುವ ಮುಖ ಭಾವಚಿತ್ರಕ್ಕೆ ಬರುವುದಿಲ್ಲ. ಅದೂ ಅಲ್ಲದೆ ನಮ್ಮ ಹಳ್ಳಿಮನೆಯ ಜಗಲಿಯಲ್ಲಿ ಎಂಟು ಅಡಿ ಹಿಂದೆ ಸರಿದರೆ ನಾನು ಅಂಗಳಕ್ಕೆ ಬೀಳುತ್ತೇನೆ. ಐದು ಅಡಿ, ಆರು ಅಡಿ: ಜಗಲಿಯ ಮೇಲೆ ಎದುರುಬದುರು ಕುಳಿತ ಇಬ್ಬರ ನಡುವಿನ ದೂರ. ಧ್ವನಿಯನ್ನು ಏರಿಸಬೇಕಿಲ್ಲ, ಉಸಿರು ತಾಗುವುದಿಲ್ಲ. ನಮ್ಮ ವ್ಯಕ್ತಿಚಿತ್ರ ಪ್ರಕಾರದ ಬರಹಗಳಲ್ಲಿಯೂ ಮೇಲಾದವು ಈ ದೂರದಿಂದ ಬರೆದವೆ. ಡಿ. ವಿ. ಗುಂಡಪ್ಪನವರು ತಮ್ಮ ಸಂಪುಟಗಳಿಗೆ 'ಜ್ಞಾಪಕ ಚಿತ್ರಶಾಲೆ' ಎಂದು ಹೆಸರಿಟ್ಟರಷ್ಟೆ. ಅಲ್ಲಿನ ವ್ಯಕ್ತಿಗಳು ನಮಗೆ ಕಾಣುವುದು ಹೊಗಳಿಕೆಯ ಎತ್ತರದಿಂದಲೂ ಅಲ್ಲ, ಗುಟ್ಟು ಕೆದಕುವ ಸನಿಹದಿಂದಲೂ ಅಲ್ಲ.

ಹೀಗೆ ಪ್ರಶ್ನೆ 85ಕ್ಕೂ 105ಕ್ಕೂ ನಡುವೆ ಬಂದು ನಿಂತಿತು. 105ಕ್ಕೆ ದೊಡ್ಡ ವಂಶಾವಳಿ ಇದೆ. ನಿಕಾನ್ ಕಂಪೆನಿಯ ಹಳೆಯ 105 ಮಿಲಿಮೀಟರು, ಎಫ್ 2.5 ಮಸೂರ ಫಿಲ್ಮಿನ ಕಾಲದಲ್ಲಿ ಹೆಸರುವಾಸಿಯಾಗಿತ್ತು. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್ಕರಿ ತೆಗೆದ, 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ರಕ್ಷಾಪುಟವಾದ, ಹಸಿರು ಕಣ್ಣಿನ ಆಫ್ಘನ್ ಬಾಲಕಿಯ ಚಿತ್ರವನ್ನು ತಮ್ಮಲ್ಲಿ ಅನೇಕರು ಕಂಡಿರಬೇಕು. ಅದು ಆ ಮಸೂರದ್ದು. ಜಗತ್ತೆಲ್ಲ ಆ ಮುಖವನ್ನು ನೋಡಿತು. ಆದರೆ 2002ರಲ್ಲಿ ಆಕೆಯನ್ನು ಮತ್ತೆ ಪತ್ತೆ ಹಚ್ಚಿದಾಗ, ಆಕೆ ತನ್ನ ಆ ಚಿತ್ರವನ್ನು ಅದುವರೆಗೆ ನೋಡಿಯೇ ಇರಲಿಲ್ಲವೆಂದು ತಿಳಿಯಿತು. ಮಸೂರದ ಮಾತಿನ ನಡುವೆ ಇದು ಹೊರಗಿನ ವಿಷಯವೆಂದು ತಾವು ಭಾವಿಸಬಹುದು. ನನಗೆ ಹಾಗೆ ತೋರಲಿಲ್ಲ. ತೆಗೆದ ಚಿತ್ರದ ಮೊದಲ ಪ್ರತಿ ಕುಳಿತವರ ಕೈಗೆ ಹೋಗಬೇಕೆಂಬ ನಿಯಮವನ್ನು ನಾನು ಅಂದೇ ಹಾಕಿಕೊಂಡೆ.

105ರ ಈಗಿನ ಅವತಾರ ಎಫ್ 1.4, 2016ರಲ್ಲಿ ಬಂದದ್ದು. ಗೆಳೆಯರೊಬ್ಬರು ಎರಡು ದಿನಕ್ಕೆ ಕೊಟ್ಟಿದ್ದರು. ಅದರ ಚಿತ್ರಗಳು ನಿಜಕ್ಕೂ ಸೊಗಸು. ಆದರೆ ತೂಕ 985 ಗ್ರಾಂ. 85 ಮಿಲಿಮೀಟರು, ಎಫ್ 1.8ರ ತೂಕ 350 ಗ್ರಾಂ. ಅರವತ್ತು ದಾಟಿದ ಮಣಿಕಟ್ಟಿಗೆ ಈ ಲೆಕ್ಕ ಯಾವ ಶಾಸ್ತ್ರಕ್ಕಿಂತಲೂ ಬೇಗ ಅರ್ಥವಾಗುತ್ತದೆ.

ಆದರೂ ಅಂಗಡಿಯಲ್ಲಿ ನನ್ನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. "ಸಾರ್, ನಿಮ್ಮದು ನಲವತ್ತೈದು ಮೆಗಾಪಿಕ್ಸೆಲ್ ಬಾಡಿ. ಇಂಥ ಚಿಕ್ಕ ಲೆನ್ಸ್ ಅದಕ್ಕೆ ಸಾಲದು" ಎಂದು ಅಲ್ಲಿಯ ಹುಡುಗ ಗಂಭೀರವಾಗಿ ಹೇಳಿದ. ಹುಡುಗ ಜಾಣ, ಮಾತಿನಲ್ಲಿ ಅರ್ಧ ಸತ್ಯವೂ ಇತ್ತು. ಅದನ್ನು ಬಿಡಿಸಿ ನೋಡಬೇಕು. ಚುಕ್ಕೆಗಳು ಹೆಚ್ಚಿದರೆ ಮಸೂರ ಕೆಡುವುದಿಲ್ಲ. ಅದೇ ಮಸೂರ, ಅದೇ ಅಳತೆಯ ಕಾಗದದ ಮೇಲೆ, ಕಡಿಮೆ ಚುಕ್ಕೆಯ ಕ್ಯಾಮೆರಾದಲ್ಲಿ ಕೊಟ್ಟದ್ದಕ್ಕಿಂತ ಕಡಿಮೆಯದನ್ನೇನೂ ಕೊಡುವುದಿಲ್ಲ. ತುಸು ಹೆಚ್ಚೆ ಕೊಡುತ್ತದೆ. ವ್ಯತ್ಯಾಸವೆಂದರೆ, ಪರದೆಯ ಮೇಲೆ ಹಿಗ್ಗಿಸಿ ನೋಡುವ ಚಟವಿದ್ದವನಿಗೆ ಅದರ ದೋಷಗಳು ಸ್ಪಷ್ಟವಾಗಿ ಕಾಣುತ್ತವೆ. ಕನ್ನಡಿ ಒರೆಸಿದರೆ ಮುಖದ ಕಲೆ ಹೆಚ್ಚುವುದಿಲ್ಲವಲ್ಲ, ಹಾಗೆ.

ಹೆಚ್ಚು ಚುಕ್ಕೆಯ ಕ್ಯಾಮೆರಾ ನಿಜವಾಗಿ ಕೇಳುವುದು ದುಬಾರಿ ಗಾಜನ್ನಲ್ಲ, ಶಿಸ್ತನ್ನು. ಅದರ ಒಂದೊಂದು ಚುಕ್ಕೆಯ ಅಗಲ 4.35 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೈ ಕೂದಲೆಳೆಯಷ್ಟು ಅಲುಗಿದರೂ ನಾಲ್ಕಾರು ಚುಕ್ಕೆಗಳ ಮೇಲೆ ಬೆಳಕು ಹರಡಿಹೋಯಿತು. ಸಂಗಮದೂರ ಎಷ್ಟೋ ಸೆಕೆಂಡಿನ ಅಷ್ಟನೆಯ ಭಾಗ ಸಾಕು ಎಂಬ ಫಿಲ್ಮಿನ ಕಾಲದ ಸೂತ್ರ ಇಲ್ಲಿ ಸಾಲದು. 85ಕ್ಕೆ 1/200 ಅಥವಾ 1/250 ಸೆಕೆಂಡು ಬೇಕು. ಇನ್ನು ದ್ಯುತಿರಂಧ್ರ. ಎಫ್ 1.8ಕ್ಕೆ ಪೂರ್ತಿ ತೆರೆದು, ಐದು ಅಡಿ ದೂರದಿಂದ ತೆಗೆದರೆ, ಸ್ಫುಟವಾಗಿ ಕಾಣುವ ಪದರ ಹಳೆಯ ಲೆಕ್ಕದಲ್ಲಿ ಮೂರು ಸೆಂಟಿಮೀಟರು ದಪ್ಪ. ಈ ಕ್ಯಾಮೆರಾದ ನಾಲ್ಕೂವರೆ ಕೋಟಿ ಚುಕ್ಕೆಗೆ ನ್ಯಾಯ ಸಲ್ಲಿಸುವ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅದರ ಅರ್ಧ. ಎಂಬತ್ತು ವರ್ಷದ ಮುದುಕರು ಉಸಿರಾಡಿದರೆ ತಲೆ ಅದಕ್ಕಿಂತ ಹೆಚ್ಚು ಅಲುಗುತ್ತದೆ. ಒಂದು ಕಣ್ಣು ಸ್ಫುಟವಾಗಿ, ಇನ್ನೊಂದು ಮಸುಕಾಗಿ, ಕಿವಿಯೋಲೆ ಎಲ್ಲಿಯೋ ಕರಗಿಹೋದ ಚಿತ್ರಗಳನ್ನು ಈಗಿನವರು ಕಲಾತ್ಮಕ ಎನ್ನುತ್ತಾರೆ. ಎಲ್ಲ ಸಂದರ್ಭದಲ್ಲಿಯೂ ಅಲ್ಲವೆನ್ನಲಾರೆ. ಎಫ್ 4ಕ್ಕೆ ಇಳಿಸಿದರೆ ಆ ಪದರ ಏಳು ಸೆಂಟಿಮೀಟರಿಗೆ, ಎಫ್ 5.6ಕ್ಕೆ ಇಳಿಸಿದರೆ ಹತ್ತು ಸೆಂಟಿಮೀಟರಿಗೆ ಬರುತ್ತದೆ, ಅದೂ ಹಳೆಯ ಲೆಕ್ಕದಲ್ಲಿಯೆ. ಹಾಗೆಂದು ಎಫ್ 16ರವರೆಗೆ ಮುಚ್ಚುತ್ತ ಹೋಗುವಂತಿಲ್ಲ. ರಂಧ್ರ ಕಿರಿದಾದಷ್ಟೂ ಬೆಳಕು ಅದರ ಅಂಚಿಗೆ ತಾಗಿ ಚದರುತ್ತದೆ. ಎಫ್ 11ರಲ್ಲಿ ಬಿಂದುವೊಂದು ಸುಮಾರು 15 ಮೈಕ್ರಾನಿನ ತಟ್ಟೆಯಾಗಿ, ಮೂರು ಚುಕ್ಕೆಗಿಂತ ಅಗಲವಾಗಿ ಹರಡುತ್ತದೆ. ಎಫ್ 4 ಮತ್ತು 5.6ರ ನಡುವಿನ ಈ ಇಕ್ಕಟ್ಟಿನ ಓಣಿಯಲ್ಲಿಯೇ ನನ್ನ ಸಂಸಾರ. ಅಲ್ಲಿ ಎಫ್ 1.8ರ ಮಸೂರವೂ ಎಫ್ 1.4ರ ಮಸೂರವೂ ಹೆಚ್ಚುಕಡಿಮೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತವೆ. ಪೂರ್ತಿ ತೆರೆದಾಗ, ಕಪ್ಪು ಬಾಗಿಲಿನ ಮುಂದೆ ಕುಳಿತ ಮುದುಕಿಯ ಬಿಳಿಗೂದಲಿಗೆ ಅಂಟಿಕೊಳ್ಳುವ ನೇರಿಳೆ ಹಸಿರು ಅಂಚುಗಳು ಇಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಹಾಗಾದ ಮೇಲೆ ಮೂರು ಪಟ್ಟು ಹಣ ಕೊಡುವುದು ಯಾತಕ್ಕೆ?

ಇನ್ನೊಂದು ಲಾಭವನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನಾಲ್ಕೂವರೆ ಕೋಟಿ ಚುಕ್ಕೆ ಇರುವುದರಿಂದಲೇ ಒಂದು ಪ್ರೈಮ್ ಸಾಕಾಗುತ್ತದೆ. ಚಿತ್ರದ ನಡುಭಾಗವನ್ನಷ್ಟೆ ಉಳಿಸಿಕೊಂಡು, ಎರಡು ಕಡೆಯಲ್ಲಿಯೂ ಮೂರನೆಯ ಒಂದು ಪಾಲನ್ನು ಕತ್ತರಿಸಿ ತೆಗೆದರೂ ಎರಡು ಕೋಟಿ ಚುಕ್ಕೆ ಮಿಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಅದು ಧಾರಾಳ. 85ರ ಚಿತ್ರ ಆಗ 127 ಮಿಲಿಮೀಟರಿನಲ್ಲಿ ತೆಗೆದಂತೆ ಬಿಗಿಯಾಗುತ್ತದೆ. ನಿಂತ ಜಾಗ ಬದಲಾಗಿಲ್ಲವಾದ್ದರಿಂದ ಮೂಗು ಕಿವಿಗಳ ಸಂಬಂಧವೂ ಬದಲಾಗುವುದಿಲ್ಲ.

ಬೆಳಕಿಗೂ ಭಾವಕ್ಕೂ ನಡುವಿನ ಈ ಚೌಕಾಸಿ ಹೊಸದಲ್ಲ. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಇದ್ದ ಮಸೂರಗಳು ಮನೆ, ಬೀದಿ, ಶಿಲೆಗಳಿಗೆ ಸರಿಯಾಗಿದ್ದವು. ಮನುಷ್ಯ ನಿಮಿಷಗಟ್ಟಲೆ ಅಲುಗದೆ ಕೂರಬೇಕಾಗಿತ್ತು. ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಎಫ್ 3.6ರ ಮಸೂರವೊಂದನ್ನು ಲೆಕ್ಕ ಹಾಕಿ ರೂಪಿಸಿದ. ಗಾಜನ್ನು ಉಜ್ಜಿ ಉಜ್ಜಿ ನೋಡುವುದರ ಬದಲು ಮೊದಲು ಕಾಗದದ ಮೇಲೆ ಗಣಿತ ಮಾಡಿ ಆಮೇಲೆ ಗಾಜಿಗೆ ಕೈಹಚ್ಚಿದ್ದು ಅವನ ಹೆಚ್ಚುಗಾರಿಕೆ. ಗುಣಾಕಾರ ಭಾಗಾಕಾರಗಳಿಗೆ ಫಿರಂಗಿ ದಳದ ಸೈನಿಕರನ್ನು ಅವನಿಗೆ ಒದಗಿಸಿದ್ದರೆಂದು ಹೇಳುತ್ತಾರೆ. ಫಿರಂಗಿಯವರ ಲೆಕ್ಕ ಒಂದು ಒಳ್ಳೆಯ ಕೆಲಸಕ್ಕೆ ಬಂತು. ಫೋಗ್ಟ್‌ಲೆಂಡರ್ ಸಂಸ್ಥೆ ಆ ಮಸೂರವನ್ನು ತಯಾರಿಸಿ ಮಾರಿತು. ನಿಮಿಷಗಳು ಸೆಕೆಂಡುಗಳಾದುವು, ಮುಖಕ್ಕೆ ಛಾಯಾಚಿತ್ರದಲ್ಲಿ ಪ್ರವೇಶ ದೊರೆಯಿತು. ಅದಕ್ಕೊಂದು ದೋಷವಿತ್ತು: ನಡುಭಾಗ ಸ್ಫುಟ, ಅಂಚುಗಳೆಲ್ಲ ಮಸುಕು. ಮುಖಕ್ಕೆ ಇದೇ ಗುಣವಾಗಿ ಪರಿಣಮಿಸಿತು. ನಾವು ಒಬ್ಬರನ್ನು ನೋಡುವಾಗ ಅಂಚುಗಳನ್ನು ಯಾರು ನೋಡುತ್ತೇವೆ?

ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಯ ಹೆಸರನ್ನು ಇಲ್ಲಿ ನೆನೆಯಬೇಕು. ಆಕೆಗೆ ಮಗಳು ಕ್ಯಾಮೆರಾ ಉಡುಗೊರೆ ಕೊಟ್ಟದ್ದು 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ. ತಡವಾಗಿ ಕಲಿಯಲು ಹೊರಟವರಿಗೆಲ್ಲ ಆಕೆ ಕುಲದೇವತೆ. 1866ರಿಂದ ಆಕೆ ಬಳಸಿದ್ದು 15 ಇಂಚು ಉದ್ದ, 12 ಇಂಚು ಅಗಲದ ಗಾಜಿನ ಫಲಕ. ಆ ಕಾಲದ ಹಿರಿಯ ಅಳತೆಯ ಕ್ಯಾಮೆರಾ ಎಂದರೂ ಸಲ್ಲುತ್ತದೆ. ಅಷ್ಟು ದೊಡ್ಡ ಫಲಕದಲ್ಲಿ ರೋಮ ರೋಮವನ್ನೂ ಮೂಡಿಸಬಹುದಾಗಿದ್ದಾಗ ಆಕೆ ಮೂಡಿಸಲಿಲ್ಲ. ಮಸೂರವನ್ನು ಹೊಂದಿಸುತ್ತ ಬಂದು ಎಲ್ಲಿ ಮುಖ ಸುಂದರವೆನ್ನಿಸಿತೋ ಅಲ್ಲಿ ನಿಲ್ಲಿಸುತ್ತಿದ್ದಳು. ಪಂಡಿತರು ಇದು ತಪ್ಪೆಂದು ಗದರಿದರು. ಆದರೆ 1867ರಲ್ಲಿ ಆಕೆ ತೆಗೆದ ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲನ ಚಿತ್ರವನ್ನು ನೋಡಿ: ಕೆದರಿದ ಬಿಳಿಗೂದಲು, ಕತ್ತಲೆಯಿಂದ ಎದ್ದುಬರುವ ಮುದಿಮುಖ, ಆಕಾಶವನ್ನು ನೋಡಿ ನೋಡಿ ದಣಿದ ಎರಡು ಕಣ್ಣು. ಆ ಮುಖದ ಸುಕ್ಕುಗಳು ಎಣಿಕೆಗೆ ಸಿಕ್ಕುವುದಿಲ್ಲ, ಆದರೆ ಒಂದೂ ಕಳೆದುಹೋಗಿಲ್ಲ.

ಸ್ಫುಟತೆ ಭಾವಕ್ಕೆ ಶತ್ರುವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1935ರಲ್ಲಿ ಜರ್ಮನಿಯ ಲೈಟ್ಸ್ ಕಂಪೆನಿ ಥಾಂಬಾರ್ ಎಂಬ 90 ಮಿಲಿಮೀಟರಿನ ಮಸೂರವನ್ನು ಬೇಕೆಂದೇ ಮಸುಕು ಮಾಡುವಂತೆ ರಚಿಸಿತ್ತು. ನಮ್ಮೂರುಗಳ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿ ಸುಕ್ಕು ಅಳಿಸುವ ಕುಶಲಿಗಳಿದ್ದರು. ಅರವತ್ತರ ಶ್ಯಾನುಭೋಗರು ನಲವತ್ತರ ಮದುಮಗನಂತೆ ಗೋಡೆಯ ಮೇಲೆ ಕುಳಿತಿರುವುದು ಅವರ ಕೃಪೆ. ಆ ಕೆಲಸವನ್ನು ಈಗ ಕೈಫೋನುಗಳು ಕೇಳದೆಯೇ ಮಾಡಿಬಿಡುತ್ತವೆ. ನನ್ನ ಮಟ್ಟಿಗೆ ಈ ಪ್ರಶ್ನೆಯನ್ನು ಬಗೆಹರಿಸಿದವರು ನಾಗಮಂಗಲದ ಕಡೆಯ ಒಂದು ಹಳ್ಳಿಯ ಸೋಬಾನೆ ಹಾಡುವ ಅವ್ವ. ವಯಸ್ಸು ಎಂಬತ್ತರ ಮೇಲೆ. ಗಲ್ಲದ ಮೇಲೆಯೂ ಹುಬ್ಬುಗಳ ನಡುವೆಯೂ ಹಚ್ಚೆ. ಬಾಲ್ಯದಲ್ಲಿ ಕೊರವಂಜಿ ಹಾಕಿದ್ದು, ಎಪ್ಪತ್ತು ವರ್ಷದ ಬಿಸಿಲಿಗೆ ಮಾಸಿ, ಸುಕ್ಕಿನೊಳಗೆ ಇಳಿದುಹೋಗಿ, ಬರಿಗಣ್ಣಿಗೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಕಿಟಕಿಯ ಪಕ್ಕ ಕೂರಿಸಿ, ಎಫ್ 5.6ರಲ್ಲಿ ತೆಗೆದೆ. ಹದಿನೈದು ದಿನದ ಮೇಲೆ ಕಾಗದದ ಮೇಲೆ ಮೂಡಿದ ಪ್ರತಿಯನ್ನು ಒಯ್ದು ಕೊಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಗೆರೆ ಎಲ್ಲ ನಂದೇನಾ, ಮೇಷ್ಟ್ರೇ?" ಎಂದರು.

"ಹೌದವ್ವ, ನಿಮ್ಮದೇ. ಬೇಡ ಅಂದರೆ ಕಡಮೆ ಮಾಡಿ ಇನ್ನೊಂದು ತಂದುಕೊಡುತ್ತೀನಿ" ಎಂದೆ.

ಅವರ ಬೆರಳು ಚಿತ್ರದ ಗಲ್ಲದ ಮೇಲೆ ನಿಂತಿತ್ತು. "ಬ್ಯಾಡ. ಇದು ನಮ್ಮವ್ವ ಮುಂದೆ ಕೂತ್ಕಂಡು ಹಾಕ್ಸಿದ್ದು. ಹೋಗ್ಬುಟ್ಟಿತ್ತು ಅನ್ಕಂಡಿದ್ದೆ. ಐತಲ್ಲ!" ಎಂದರು.

ಸುಕ್ಕನ್ನು ಅಳಿಸುವ ಮಸೂರವೋ ಯಂತ್ರವೋ ಆಗಿದ್ದರೆ ಆ ಹಚ್ಚೆಯನ್ನೂ ಅಳಿಸುತ್ತಿತ್ತು. ಯಾವ ಗೆರೆ ಕಾಲದ್ದು, ಯಾವ ಗೆರೆ ತಾಯಿಯದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಆದ್ದರಿಂದ ಸ್ಫುಟವಾದ ಮಸೂರವನ್ನೆ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆದರೆ ಕಟುವಾದ ಬೆಳಕಿನಲ್ಲಿ ಅದನ್ನು ಬಳಸಬೇಡಿ. ನೇರವಾದ ಬಿಸಿಲಾಗಲಿ, ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್ ಆಗಲಿ ಒಂದೊಂದು ಸುಕ್ಕಿಗೂ ಒಂದೊಂದು ಕಪ್ಪು ನೆರಳು ಹಚ್ಚುತ್ತದೆ. ಮುಖವನ್ನು ಕ್ರೂರ ಮಾಡುವುದು ಈ ನೆರಳೇ ಹೊರತು ಚುಕ್ಕೆಗಳ ಸಂಖ್ಯೆಯಲ್ಲ. ಉತ್ತರದ ಕಿಟಕಿಯೋ, ಮೋಡದ ದಿನದ ಅಂಗಳವೋ ದೊರೆತರೆ ಎಷ್ಟು ಸ್ಫುಟವಾದ ಗಾಜೂ ಮುಖವನ್ನು ಮರ್ಯಾದೆಯಿಂದ ಕಾಣುತ್ತದೆ.

ಹಿನ್ನೆಲೆಯ ಬಗೆಗೆ ಒಂದು ಮಾತು. ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುವುದಕ್ಕೆ ಜಪಾನೀಯರ ಬೊಕೆ ಎಂಬ ಪದ ಬಳಕೆಯಲ್ಲಿದೆ, ಎಫ್ 1.4ರ ಮಸೂರಗಳು ಮಾರಾಟವಾಗುವುದು ಮುಖ್ಯವಾಗಿ ಇದರಿಂದಲೆ. ನನಗೆ ಅಷ್ಟು ಕರಗುವುದು ಬೇಡ. ಶಾಲಾ ಉಪಾಧ್ಯಾಯರ ಹಿಂದೆ ಮೊಳೆಗೆ ತೂಗಿದ ಕೊಡೆ, ಮದ್ದಳೆಗಾರರ ಹಿಂದೆ ಬಟ್ಟೆ ಸುತ್ತಿಟ್ಟ ಮದ್ದಳೆ, ಇವು ತಂಬೂರಿಯ ಶ್ರುತಿಯಂತೆ ಮೆಲುದನಿಯಲ್ಲಿ ಇರಬೇಕು. 85 ಮಿಲಿಮೀಟರು ಎಫ್ 4ರಲ್ಲಿ, ಗೋಡೆ ಮೂರು ನಾಲ್ಕು ಅಡಿ ಹಿಂದಿದ್ದರೆ, ಸರಿಯಾಗಿ ಆ ಪ್ರಮಾಣದಲ್ಲಿ ನಿಲ್ಲುತ್ತದೆ: ಕೊಡೆ ಎಂದು ಗುರುತು ಸಿಕ್ಕುತ್ತದೆ, ಕೊಡೆಯ ಕಡ್ಡಿ ಎಣಿಸುವಂತಿಲ್ಲ. ಜನಸಾಮಾನ್ಯರ ಬದುಕನ್ನು ಅದರ ಸುತ್ತುಮುತ್ತಿನೊಡನೆ ಚಿತ್ರಿಸಿದ ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವವರಿಗೆ ಉಪಯೋಗವಾಗಬಹುದಾದ ಎರಡು ಚಿಲ್ಲರೆ ಸಂಗತಿಗಳಿವೆ. ಚಿಕ್ಕ ಫಲಕದ ಕ್ಯಾಮೆರಾ ತಮ್ಮಲ್ಲಿದ್ದರೆ, ನಾನು ಹೇಳಿದ 85ರ ಜಾಗದಲ್ಲಿ 56 ಮಿಲಿಮೀಟರಿನ ಆಸುಪಾಸು ನೋಡಿರಿ. ಅಲ್ಲಿ ಒಂದೂವರೆಯಿಂದ ಭಾಗಿಸುವ ಲೆಕ್ಕ. ಈಗ ಹೆಚ್ಚಾಗಿ ಬರುತ್ತಿರುವುದು ಮಿರರ್‌ಲೆಸ್, ಎಂದರೆ ಒಳಗನ್ನಡಿಯಿಲ್ಲದ ಕ್ಯಾಮೆರಾ. ಅವು ಕಣ್ಣನ್ನು ತಾವೇ ಹುಡುಕಿ ಹಿಡಿದುಕೊಳ್ಳುತ್ತವೆ. ತೆಳುಪದರದ ಕಷ್ಟ ಅಷ್ಟರಮಟ್ಟಿಗೆ ಕಡಮೆ. ನನ್ನದು ಕನ್ನಡಿಯುಳ್ಳ ಹಳೆಯ ಬಗೆ, ಹತ್ತಿರದ ಕಣ್ಣಿನ ಮೇಲೆ ನಾನೇ ಗುರಿ ಇಡಬೇಕು. ಒಂದೊಂದು ಚಿತ್ರ ಸುಮಾರು 50 ಮೆಗಾಬೈಟು ಜಾಗ ತಿನ್ನುತ್ತದೆಂಬುದೂ ನೆನಪಿರಲಿ. ಮಸೂರದ ಲೆಕ್ಕದ ಜೊತೆಗೆ ಅದನ್ನು ಕೂಡಿಡುವ ಪೆಟ್ಟಿಗೆಯ ಲೆಕ್ಕವನ್ನೂ ಹಾಕಬೇಕು. ಕಾಗದದ ಮೇಲೆ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 27 ಇಂಚು ಉದ್ದದ ಚಿತ್ರವಾಗುತ್ತದೆ. ನಾನು 12 ಇಂಚು ಅಗಲ 18 ಇಂಚು ಉದ್ದಕ್ಕಿಂತ ದೊಡ್ಡದನ್ನು ಮಾಡಿಸುವುದಿಲ್ಲ; ಅದಕ್ಕಿಂತ ದೊಡ್ಡದನ್ನು ತೂಗುಹಾಕುವ ಗೋಡೆ ಆ ಮನೆಗಳಲ್ಲಿ ಇರುವುದಿಲ್ಲ.

ನಾಲ್ಕೂವರೆ ಕೋಟಿ ಚುಕ್ಕೆಗಳು ಕೊಟ್ಟ ಒಂದು ಅನಿರೀಕ್ಷಿತ ಲಾಭವನ್ನೂ ಹೇಳುತ್ತೇನೆ. ತೊಂಬತ್ತರ ಸಮೀಪದ ಗಮಕಿಯೊಬ್ಬರ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದಾಗ, ಅವರ ಕಣ್ಣಪಾಪೆಯ ಮೇಲೆ ಅವರ ಮನೆಯ ಕಿಟಕಿ ಮೂಡಿತ್ತು. ಅದರ ನಾಲ್ಕು ಸರಳುಗಳನ್ನು ಎಣಿಸಬಹುದಾಗಿತ್ತು. ಸರಳುಗಳ ಪಕ್ಕದಲ್ಲಿ, ಕಡಲೆಬೇಳೆಯಷ್ಟಾಗಿ, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದು ಕೈಯಿಂದ ಮುಂದಿನ ಪದ್ಯ ಹಾಡಿರೆಂದು ಸನ್ನೆ ಮಾಡುತ್ತಿದ್ದ ಒಬ್ಬ ಮನುಷ್ಯನಿದ್ದ. ಮುದ್ರಿಸಿದ ಪ್ರತಿಯಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಆ ಗಮಕಿಗಳು ಆಮೇಲೆ ಆರು ತಿಂಗಳು ಮಾತ್ರ ಇದ್ದರು. ಅವರ ಮನೆಯವರು ಹಾರ ಹಾಕಿದ್ದು ಆ ಚಿತ್ರಕ್ಕೆ.

ಮುಂದಿನ ವಾರ ಒಬ್ಬ ನಿವೃತ್ತ ಉಪಾಧ್ಯಾಯಿನಿಯವರ ಮನೆಗೆ ಹೋಗುವವನಿದ್ದೇನೆ. ಅವರ ಪಡಸಾಲೆ ಉದ್ದಕ್ಕೂ ಅಗಲಕ್ಕೂ ನಾಲ್ಕು ನಾಲ್ಕು ಅಡಿ ಮಾತ್ರ ಎಂದು ದೂರವಾಣಿಯಲ್ಲಿ ಹೇಳಿದರು, ಕಾಲುನೋವಿನಿಂದ ಹೊರಗೆ ಬರಲಾರರಂತೆ. 85 ಅಲ್ಲಿ ಹಿಡಿಯುವುದಿಲ್ಲ. ಸೋದರಳಿಯನ 50 ಮಿಲಿಮೀಟರಿನ ಮಸೂರವನ್ನು ಕೇಳಿ ತಂದಿಟ್ಟುಕೊಂಡಿದ್ದೇನೆ. ಬಾಗಿಲಿನ ಹೊಸ್ತಿಲ ಮೇಲೆ ನಿಂತು, ಎದೆಯ ಬದಲು ಸೊಂಟದವರೆಗೆ ಚೌಕಟ್ಟಿಗೆ ತಂದುಕೊಂಡರೆ, ಆ ನಾಲ್ಕು ಅಡಿಯೇ ಸಾಕಾಗಬಹುದು.